ಪುತಳಾಬಾಯಿಯ ನೆಲಬೇವು

ಖಮರುದ್ದೀನ್ ಕಂಪೌಂಡರ್ ಆಗಿ ಕಮಲಾಪುರದ ದವಾಖಾನೆಗೆ ಬಂದದ್ದು ೧೯೪೯ರ ಮಾರ್ಚ್‌ನಲ್ಲಿ. ಅದಕ್ಕೆ ಮೊದಲು ಒಂಬತ್ತು ವರ್ಷ ಕಲಬುರಗಿಯಲ್ಲಿ ಔಷಧಿ ಕಲಸುವ ಕೆಲಸ ಮಾಡಿದ್ದ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದ ಮೇಲೆ ಅವನ ಜೊತೆಗಿದ್ದ ಇಬ್ಬರು ನೌಕರಿ ಕಳೆದುಕೊಂಡರು, ಇನ್ನೊಬ್ಬ ಊರನ್ನೇ ಬಿಟ್ಟ. ಇವನ ನೌಕರಿ ಉಳಿಯಿತು. ಆದರೆ ಅವನ ಓದೆಲ್ಲ ಉರ್ದುವಿನಲ್ಲಿ ಆಗಿತ್ತು. ಎರಡು ವರ್ಷದೊಳಗೆ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾತ್ರ ನೌಕರಿ ಕಾಯಂ ಎಂದು ಕಾಗದ ಬಂದಿತ್ತು. ಆ ಕಾಗದವನ್ನು ಓದಿಸಿಕೊಳ್ಳಲಿಕ್ಕೂ ಅವನು ಬೇರೆಯವರ ಹತ್ತಿರ ಹೋಗಬೇಕಾಯಿತು.

ಹೆಂಡತಿ ಲತೀಫಾ ಮತ್ತು ತಂದೆ ಇಮಾಮುದ್ದೀನ್ ಕಲಬುರಗಿಯ ಗಾಜಿಪುರದ ಮನೆಯಲ್ಲೇ ಉಳಿದರು. ಇಮಾಮುದ್ದೀನ್ ಗುಲಾಬಿ ನೀರು, ಸೋಂಪಿನ ಅರ್ಕ ಇಳಿಸಿ ಮಾರುತ್ತಿದ್ದವರು. ಆ ಸೆಪ್ಟೆಂಬರಿನಲ್ಲಿ ಮುಚ್ಚಿದ ಅಂಗಡಿಯನ್ನು ಅವರು ಮತ್ತೆ ತೆರೆದಿರಲಿಲ್ಲ. ಖಮರುದ್ದೀನ್ ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸು ಬರುತ್ತಿದ್ದ.

ಬಿಸಿಲು ಏರಿದಂತೆ ದವಾಖಾನೆಯ ಕಟ್ಟೆ ನಾರುಹುಣ್ಣಿನವರಿಂದ ತುಂಬತೊಡಗಿತು. ಮೊಣಕಾಲ ಕೆಳಗೆ ಒಂದು ಬೊಬ್ಬೆ ಎದ್ದು ಉರಿಯುತ್ತದೆ, ಒಡೆಯುತ್ತದೆ, ಒಳಗಿನಿಂದ ಬಿಳಿ ದಾರದಂಥ ನಾರುಹುಳು ತಲೆ ಹಾಕುತ್ತದೆ. ಅದನ್ನು ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಿನಷ್ಟು ಎಳೆಯಬೇಕು. ಪೂರ್ತಿ ಬರಲು ಮೂರು ವಾರ, ಒಮ್ಮೊಮ್ಮೆ ಒಂದು ತಿಂಗಳು. ಅವಸರ ಮಾಡಿದರೆ ಒಳಗೇ ಹರಿದು, ಕಾಲು ಬಾತು ಕೀವಾಗುತ್ತದೆ. ಖಮರುದ್ದೀನನ ಹತ್ತಿರ ಇದ್ದದ್ದು ಟಿಂಚರ್ ಮತ್ತು ಪಟ್ಟಿ. ಗೋಡೆಯ ಮೇಲೆ ನೀರು ಕಾಯಿಸಿ ಕುಡಿಯಿರಿ ಎಂಬ ಹಳೆಯ ಉರ್ದು ಪ್ರಕಟಣೆ ಇತ್ತು. ರೊಟ್ಟಿ ಸುಡಲಿಕ್ಕೇ ಕಟ್ಟಿಗೆ ಸಾಲದ ಮನೆಗಳವರು ಅದನ್ನು ಹೇಗೆ ಪಾಲಿಸಿಯಾರು?

ಬಂದವರಲ್ಲಿ ಹೆಚ್ಚಿನವರು ಬಾಳೆತೋಟಗಳಲ್ಲಿ ದುಡಿಯುವವರು. ತೋಟಗಳ ನಡುವೆ ಇದ್ದ ಮೆಟ್ಟಿಲ ಬಾವಿಯ ನೀರನ್ನೇ ಆ ಭಾಗದವರೆಲ್ಲ ಕುಡಿಯುತ್ತಿದ್ದರು. ಬಾವಿಗೆ ಎರಡು ಕಡೆ ಮೆಟ್ಟಿಲು. ಒಂದು ಕಡೆಯಿಂದ ತೋಟದ ಮಾಲಕರ ಮನೆಯವರು ಮತ್ತು ಊರವರು ಇಳಿಯುತ್ತಿದ್ದರು, ಇನ್ನೊಂದು ಕಡೆಯಿಂದ ಕೆಳಗಿನ ಕೇರಿಯವರು. ಒಳಗಿನ ನೀರು ಒಂದೇ.

ಹೆಸರು ಬರೆದುಕೊಳ್ಳುತ್ತ ಖಮರುದ್ದೀನನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಕೆಳಗಿನ ಕೇರಿಯಿಂದ ಒಬ್ಬರೂ ನಾರು ಹಿಡಿದುಕೊಂಡು ಬಂದಿರಲಿಲ್ಲ. ದವಾಖಾನೆಯ ಜವಾನ ರಾಮಣ್ಣನನ್ನು ಕೇಳಿದಾಗ ಅವನು, ಅವರೆಲ್ಲ ಪುತಳಾಬಾಯಿಯ ಔಷಧ ಕುಡಿಯುತ್ತಾರೆ, ಅವರಿಗೆ ನಾರು ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತಿರುವ ಮಾತಿನಂತೆ ಹೇಳಿದ.

ಪುತಳಾಬಾಯಿಗೆ ಅರವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳೂ ಬಾಳೆತೋಟದಲ್ಲೇ ದುಡಿಯುತ್ತಿದ್ದಳು. ಕಂಪೌಂಡರ್ ಸಾಬ್ ತಾನಾಗಿ ಮನೆಗೆ ಬಂದದ್ದಕ್ಕೆ ಅವಳಿಗೆ ಮೊದಲು ಗಾಬರಿಯಾಯಿತು. ಔಷಧದ ವಿಷಯ ಎಂದು ತಿಳಿದ ಮೇಲೆ ಏನನ್ನೂ ಮುಚ್ಚಿಡಲಿಲ್ಲ. ಅದು ನೆಲಬೇವು, ಹೊಲದ ಬದುವಿನ ಮೇಲೆ ಬೆಳೆಯುವಂಥದ್ದು. ಅತ್ತೆ ಕೊಡುತ್ತಿದ್ದಳು, ಅವಳ ನಂತರ ತಾನು ಕೊಡುತ್ತಿದ್ದೇನೆ ಎಂದಳು. ಒಣಗಿದ ಸೊಪ್ಪನ್ನು ತರಿತರಿಯಾಗಿ ಕುಟ್ಟಿ, ಹಳೆ ಧೋತರದ ಅರಿವೆಯನ್ನು ಎರಡು ಮಡಿಕೆ ಮಾಡಿ ಅದರಲ್ಲಿ ಹರವಿ, ಕೊಡದ ಬಾಯಿಗೆ ಕಟ್ಟಿ ಮೇಲಿಂದ ನೀರು ಹೊಯ್ಯಬೇಕು. ನೀರು ಕಹಿಯಾಗಿ ಇಳಿಯುತ್ತದೆ. ಹೋಳಿಯಿಂದ ಜೂನಿನ ಮಿರಗದ ಮಳೆಯವರೆಗೆ ಆ ನೀರನ್ನೇ ಕುಡಿಯಬೇಕು. ತೋಟಕ್ಕೆ ಹೋದರೂ ಅದನ್ನೇ ಒಯ್ಯಬೇಕು, ಒಂದು ಗುಟುಕು ಸಪ್ಪೆ ನೀರೂ ಕೂಡದು. ಕೇರಿಯ ಮೂವತ್ತೆಂಟು ಮನೆಗಳಿಗೆ ಅವಳೇ ಸೊಪ್ಪು, ಅರಿವೆ ಎರಡನ್ನೂ ಕೊಡುತ್ತಿದ್ದಳು. ತೋಟದ ಮಾಲಕ ದತ್ತಪ್ಪ ಮತ್ತು ಅವನ ತಮ್ಮನ ಮನೆಯವರೂ ಸೊಪ್ಪು ತರಿಸಿಕೊಳ್ಳುತ್ತಿದ್ದರು, ಎಲ್ಲ ಕೂಡಿ ನಲವತ್ತು ಮನೆ. ಆದರೆ ಆ ಎರಡು ಮನೆಗಳಲ್ಲಿ ಪ್ರತಿವರ್ಷ ನಾರು ಬರುತ್ತಿತ್ತು. ದೊಡ್ಡವರ ಮೈಗೆ ಇದು ಹಿಡಿಸುವುದಿಲ್ಲವೇನೋ ಎಂದು ಪುತಳಾಬಾಯಿ ಅಂದುಕೊಂಡಿದ್ದಳು.

ಖಮರುದ್ದೀನ್ ಗಿಡದ ಹೆಸರು, ಸೊಪ್ಪಿನ ಅಳತೆ, ದಿನಗಳು ಇಷ್ಟನ್ನು ಬರೆದುಕೊಂಡ. ಅರಿವೆಯ ಮಾತು ಬರೆಯಲಿಲ್ಲ. ಸೊಪ್ಪು ಕೊಡದೊಳಗೆ ಬೀಳದಿರಲಿ ಎಂದು ಕಟ್ಟುವುದು ಅದು, ಬರೆಯುವಂಥದ್ದೇನಿದೆ ಎಂದುಕೊಂಡ.

ಆ ವರ್ಷ ಜಿಲ್ಲೆಯ ಆರೋಗ್ಯದ ಕೆಲಸ ನೋಡಲು ಡಾಕ್ಟರ್ ಮಾಣಿಕರಾವ್ ಎಂಬವರು ಬಂದಿದ್ದರು. ಮದ್ರಾಸಿನಲ್ಲಿ ಓದಿ ಬಂದಿದ್ದ ಚಿಂಚೋಳಿ ಕಡೆಯವರು. ಮಾತು ಕಡಿಮೆ. ಖಮರುದ್ದೀನ್ ಔಷಧಿ ತರಲು ಕಲಬುರಗಿಗೆ ಹೋದಾಗ ನೆಲಬೇವಿನ ಸಂಗತಿ ಹೇಳಿ, ಅದರ ಸತ್ವ ತೆಗೆದು ಶೀಶೆಯಲ್ಲಿ ಕೊಟ್ಟರೆ ಇಡೀ ತಾಲೂಕಿಗೆ ಉಪಯೋಗವಾಗಬಹುದು ಎಂದ. ಡಾಕ್ಟರು ತಲೆ ಎತ್ತದೆ ಕೇಳಿಸಿಕೊಂಡರು.

"ಎಲಿ ಕುಡದ್ರ ನಾರು ನಿಲ್ತದ ಅಂತ ನನಗ ಅನ್ನಸೂದಿಲ್ಲ," ಎಂದರು. "ಆದ್ರ ನಾ ನೋಡಿಲ್ಲ. ನೀವು ನೋಡ್ರಿ. ನೋಡೂದಾದ್ರ ಸರಿಯಾಗಿ ನೋಡ್ರಿ."

ಸರಿಯಾಗಿ ಎಂದರೆ ಹೇಗೆ ಎಂದೂ ಅವರೇ ಹೇಳಿಕೊಟ್ಟರು. ಒಂದೇ ಬಾವಿಯ ನೀರು ಕುಡಿಯುವ ಅರವತ್ತು ಮನೆ ಆರಿಸಬೇಕು. ಇಪ್ಪತ್ತು ಮನೆಗೆ ಶೀಶೆಯ ಸತ್ವ, ಇಪ್ಪತ್ತು ಮನೆಗೆ ಮೊದಲಿನಂತೆ ಸೊಪ್ಪು, ಉಳಿದ ಇಪ್ಪತ್ತು ಮನೆ ಏನೂ ಕುಡಿಯದವು. ನಾರು ಮೈಯೊಳಗೆ ಹೊಕ್ಕು ಹೊರಗೆ ಬರಲು ಒಂದು ವರ್ಷ ಬೇಕು, ಆದ್ದರಿಂದ ಒಂದು ಬೇಸಗೆಯಲ್ಲಿ ಕೊಟ್ಟದ್ದರ ಫಲ ಅದರ ಮುಂದಿನ ಬೇಸಗೆಗೆ ಗೊತ್ತಾಗುವುದು. ನಿಜವಾಗಿ ಗುಣ ಕಂಡರೆ ವರದಿ ಹೈದರಾಬಾದಿಗೆ ಹೋಗುತ್ತದೆ, ಅದರಲ್ಲಿ ಖಮರುದ್ದೀನನ ಹೆಸರಿರುತ್ತದೆ, ಆಗ ಪರೀಕ್ಷೆಯ ಷರತ್ತು ಸಡಿಲಿಸಲು ತಾವೇ ಬರೆಯುವುದಾಗಿ ಹೇಳಿದರು. ಖಮರುದ್ದೀನ್ ಬಸ್ಸಿನಲ್ಲಿ ಕಪನೂರ ದಾಟುವವರೆಗೂ ಆ ಕೊನೆಯ ಮಾತನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡ.

ಸತ್ವ ತೆಗೆದದ್ದು ಗಾಜಿಪುರದ ಮನೆಯ ಅಂಗಳದಲ್ಲಿ. ಇಮಾಮುದ್ದೀನ್ ಬಹಳ ದಿನದ ಮೇಲೆ ತಾಮ್ರದ ಪಾತ್ರೆಗಳನ್ನು ಹೊರಗೆ ತೆಗೆದು ಹುಣಸೆಹಣ್ಣು ಹಚ್ಚಿ ಬೆಳಗಿದರು. ಮೊದಲು ಗುಲಾಬಿ ನೀರಿನಂತೆ ಹಬೆಯಲ್ಲಿ ಇಳಿಸಿದರು. ಬಂದ ಅರ್ಕವನ್ನು ಲತೀಫಾ ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ಕಹಿಯೇ ಇಲ್ಲವಲ್ಲ ಎಂದಳು. ಇಮಾಮುದ್ದೀನ್ ನಕ್ಕರು. ವಾಸನೆ ಹಬೆಯ ಜೊತೆ ಏರುತ್ತದೆ, ಈ ಕಹಿ ಏರುವುದಿಲ್ಲ, ಅದು ಪಾತ್ರೆಯ ತಳದಲ್ಲೇ ಉಳಿದಿದೆ ಎಂದರು. ಹಾಗಾಗಿ ಕಷಾಯ ಕುದಿಸಿ, ಸೋಸಿ, ಸಣ್ಣ ಉರಿಯಲ್ಲಿ ಜೇನಿನ ಹದಕ್ಕೆ ತಂದು, ಕೆಡದಿರಲೆಂದು ಸ್ವಲ್ಪ ಸ್ಪಿರಿಟ್ ಬೆರೆಸಿದರು. ಒಂದು ಹನಿ ನಾಲಗೆಗೆ ಬಿದ್ದರೆ ಮಧ್ಯಾಹ್ನದವರೆಗೂ ಕಹಿ ಹೋಗುತ್ತಿರಲಿಲ್ಲ. ಮುದುಕರ ಮುಖದಲ್ಲಿ ಆ ಚಳಿಗಾಲವೆಲ್ಲ ಒಂದು ಗೆಲುವಿತ್ತು.

೧೯೫೦ರ ಹೋಳಿಗೆ ಮೊದಲು ಖಮರುದ್ದೀನ್ ಶೀಶೆಗಳನ್ನು ತೆಗೆದುಕೊಂಡು ಪುತಳಾಬಾಯಿಯ ಹತ್ತಿರ ಹೋದ. ಅವಳ ನಲವತ್ತು ಮನೆಗಳಲ್ಲಿ ಅರ್ಧವನ್ನು ತನಗೆ ಬಿಟ್ಟುಕೊಡಬೇಕು ಎಂದು ಕೇಳಿದ. ಅವಳು ಶೀಶೆಯನ್ನು ಮೂಸಿ ನೋಡಿದಳು, ಒಂದು ಹನಿ ಬಾಯಿಗೆ ಹಾಕಿಕೊಂಡಳು.

"ಇದ್ರಾಗ ನಮ್ಮ ಎಲೀನೇ ಅದ. ಕೊಡ್ರಿ ಸಾಬ್," ಎಂದಳು. "ನನ್ನ ಕೈಯೂ ಸೋತಾವ. ನಲ್ವತ್ತು ಮನಿಗೆ ಕುಟ್ಲಾಕ ಆಗಲ್ದು."

ಶೀಶೆ ಸಿಕ್ಕ ಮನೆಯವರಿಗೆ ಸಂತೋಷವೇ ಆಯಿತು. ಇಡೀ ದಿನ ಕಹಿ ನೀರು ಕುಡಿಯುವುದು ತಪ್ಪಿತು, ಎರಡು ಹೊತ್ತು ಒಂದೊಂದು ಚಮಚ ಕುಡಿದರೆ ಆಯಿತು. ಪುತಳಾಬಾಯಿಯ ತಂಗಿಯ ಮಗಳು ಶೇವಂತಾ ಮಾತ್ರ ಶೀಶೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಇಪ್ಪತ್ತೈದು ವರ್ಷದ, ಬಾಳೆಗೊನೆಯನ್ನು ಗಂಡಸರಂತೆ ಹೆಗಲ ಮೇಲೆ ಹೊರುವ ಹೆಂಗಸು.

"ಕೊಡಕ್ಕ ಅರಿವಿ ಕಟ್ಟೂದು ಬ್ಯಾಡೇನ್ರಿ?" ಎಂದು ಕೇಳಿದಳು.

"ಬ್ಯಾಡ ತಂಗಿ. ಇದು ಕುಡದ ಮ್ಯಾಲ ಯಾವ ನೀರು ಕುಡದ್ರೂ ನಡೀತದ," ಎಂದ ಖಮರುದ್ದೀನ್.

ಮಳೆ ಬೀಳುವವರೆಗೆ ಅವನು ವಾರಕ್ಕೊಮ್ಮೆ ಅರವತ್ತು ಮನೆಗಳನ್ನೂ ಸುತ್ತಿದ. ಶೀಶೆ ಎಷ್ಟು ಇಳಿದಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಯಾರೂ ತಪ್ಪಿಸಿರಲಿಲ್ಲ. ಆಮೇಲೆ ಕಾಯುವುದಷ್ಟೇ ಉಳಿದಿತ್ತು. ಆ ವರ್ಷ ಇಂಗ್ಲಿಷ್ ಪರೀಕ್ಷೆಗೆ ಕೂತು ಫೇಲಾದ. ನಾರಿನ ವರದಿ ಇದೆಯಲ್ಲ ಎಂದು ಅದನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

೧೯೫೧ರ ಏಪ್ರಿಲ್ ಮೊದಲ ವಾರ ಶೇವಂತಾ ದವಾಖಾನೆಗೆ ಬಂದಳು. ಹಿಮ್ಮಡಿಯ ಹತ್ತಿರ ಬೊಬ್ಬೆ. ಏನೋ ತಾಗಿರಬೇಕು ಎಂದುಕೊಂಡು ಖಮರುದ್ದೀನ್ ಒದ್ದೆ ಪಟ್ಟಿ ಇಟ್ಟ. ಮೂರನೆಯ ದಿನ ಅದು ಒಡೆದು ನಾರು ತಲೆ ಹಾಕಿತು. ಹತ್ತು ದಿನದಲ್ಲಿ ಮೊಣಕಾಲ ಸಂದಿಯಲ್ಲಿ ಇನ್ನೊಂದು ಎದ್ದಿತು. ಅವಳ ಹಿಂದೆಯೇ ಶೀಶೆಯ ಮನೆಗಳವರು ಒಬ್ಬೊಬ್ಬರಾಗಿ ಬಂದರು. ಎಷ್ಟೋ ವರ್ಷಗಳಿಂದ ನಾರು ಕಾಣದ ಮನೆಗಳು ಅವು. ಮೇ ಮುಗಿಯುವ ಹೊತ್ತಿಗೆ ಶೀಶೆಯ ಇಪ್ಪತ್ತು ಮನೆಗಳಲ್ಲಿ ಹದಿನಾಲ್ಕಕ್ಕೆ ನಾರು ಬಂದಿತ್ತು. ಏನೂ ಕುಡಿಯದ ಇಪ್ಪತ್ತರಲ್ಲಿ ಹದಿಮೂರಕ್ಕೆ. ಸೊಪ್ಪಿನ ಇಪ್ಪತ್ತರಲ್ಲಿ ಎರಡೇ ಮನೆಗೆ, ಅವು ದತ್ತಪ್ಪ ಮತ್ತು ಅವನ ತಮ್ಮನ ಮನೆಗಳು.

ಉರಿಯಲ್ಲಿ ಕುದಿದು ಸೊಪ್ಪಿನ ಗುಣ ಹೋಗಿರಬೇಕು ಎಂದು ಖಮರುದ್ದೀನನಿಗೆ ಅನ್ನಿಸಿತು. ಹಾಗೆಂದೇ ಡಾಕ್ಟರಿಗೆ ಹೇಳಿದ. ಮಾಣಿಕರಾವ್ ಪಟ್ಟಿಯನ್ನು ಬಹಳ ಹೊತ್ತು ನೋಡಿ ಆ ಎರಡು ಮನೆಗಳ ಹೆಸರಿನ ಮೇಲೆ ಬೆರಳಿಟ್ಟರು.

"ಈ ಎರಡು ಮನ್ಯಾಗ ಬ್ಯಾರೆ ಏನ್ ಮಾಡ್ತಾರ?"

"ಏನಿಲ್ರಿ. ಎಲಿ ತಗೋತಾರ, ಕುಟ್ಟಿ ಹಂಡ್ಯಾಗ ಹಾಕ್ತಾರ. ಪುತಳಾಬಾಯಿ ಅರಿವಿ ಮಾತ್ರ ತಗೊಳಂಗಿಲ್ರಿ. ಕೇರಿ ಅರಿವಿ ಅಂತ."

"ಯಾವ ಅರಿವಿ?"

ಖಮರುದ್ದೀನ್ ಹೇಳಿದ. ಹೇಳುತ್ತಿದ್ದಂತೆ ಡಾಕ್ಟರರ ಮುಖ ಬದಲಾಯಿತು. ಅವರು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಎರಡು ಮಡಿಕೆಯೇ, ಇಡೀ ಬೇಸಗೆಯೇ, ತೋಟಕ್ಕೂ ಅದೇ ನೀರೇ ಎಂದು ಒಂದೊಂದಾಗಿ ಕೇಳಿದರು. ಇದನ್ನು ಎರಡು ವರ್ಷದ ಹಿಂದೆಯೇ ಏಕೆ ಹೇಳಲಿಲ್ಲ ಎಂದರು. ಆಮೇಲೆ, ತಾವೂ ಕೇಳಲಿಲ್ಲವಲ್ಲ ಎಂದು ತಮಗೆ ತಾವೇ ಅಂದುಕೊಂಡರು.

ಮರುದಿನ ಅವರು ಭೂತಗನ್ನಡಿ ತೆಗೆದುಕೊಂಡು ಕಮಲಾಪುರಕ್ಕೆ ಬಂದರು. ಬಾವಿಯ ಒಂದು ಕೊಡ ನೀರನ್ನು ಮಡಿಸಿದ ಅರಿವೆಯ ಮೇಲೆ ಹೊಯ್ಯಿಸಿ, ಅರಿವೆಯನ್ನು ಬಿಳಿ ಬಸಿಯ ನೀರಿನಲ್ಲಿ ಜಾಲಾಡಿಸಿ ಖಮರುದ್ದೀನನಿಗೆ ತೋರಿಸಿದರು. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಅವು ನೀರಹೇನು. ಹುಣ್ಣಿನ ಕಾಲು ನೀರಿಗಿಳಿದಾಗ ನಾರಿನ ಮರಿಗಳು ಬಾವಿಗೆ ಬೀಳುತ್ತವೆ, ನೀರಹೇನು ಅವನ್ನು ನುಂಗುತ್ತದೆ, ಆ ನೀರು ಕುಡಿದವರ ಮೈಯಲ್ಲಿ ಮುಂದಿನ ವರ್ಷ ನಾರು ಏಳುತ್ತದೆ. ಅರಿವೆಯಲ್ಲಿ ಸೋಸಿದರೆ ಹೇನು ಮೇಲೆಯೇ ಉಳಿಯುತ್ತದೆ. ಇದು ಪುಸ್ತಕದಲ್ಲಿರುವ ಮಾತು. ನೆಲಬೇವಿಗೂ ಇದಕ್ಕೂ ಸಂಬಂಧವಿಲ್ಲ.

ಡಾಕ್ಟರು ಹೋದ ಮೇಲೆ ಖಮರುದ್ದೀನ್ ಬಾವಿಯ ಕಟ್ಟೆಯ ಮೇಲೆ ಕೂತ. ಆ ಹದಿನಾಲ್ಕು ಮನೆಗಳ ಕೊಡದಿಂದ ಅರಿವೆಯನ್ನು ಬಿಚ್ಚಿಸಿದವನು ತಾನು. ಆ ದಿನ ಅವನಿಂದ ಊಟ ಮಾಡಲಾಗಲಿಲ್ಲ.

ಶನಿವಾರ ಗಾಜಿಪುರಕ್ಕೆ ಹೋದಾಗ ತಂದೆಗೆ ಹೇಳಿದ. ಇಮಾಮುದ್ದೀನ್ ಬಾಗಿಲು ಮುಚ್ಚಿ ಬಂದು ಕೂತರು. ಡಾಕ್ಟರಿಗೆ ಗೊತ್ತಾಯಿತು, ಅಷ್ಟು ಸಾಕು, ಕೇರಿಯಲ್ಲಿ ಹೇಳಬೇಡ ಎಂದರು. ಸರಕಾರಿ ತುರುಕ ಔಷಧ ಕೊಟ್ಟು ಹಳ್ಳಿಯ ಜನರ ಕಾಲು ಕೆಡಿಸಿದ ಎಂದು ಒಬ್ಬ ಅಂದರೆ ಸಾಕು, ಮೂರು ವರ್ಷದ ಹಿಂದಿನದು ಇಷ್ಟು ಬೇಗ ಮರೆತೆಯಾ ಎಂದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಬುತ್ತಿ ಕೊಡುವಾಗ ಲತೀಫಾ, ಆ ಹೆಣ್ಣುಮಗಳ ಮೊಣಕಾಲು ಮಡಚಲಿಕ್ಕೆ ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದ.

ಅವನು ಬಸ್ಸಿಳಿದು ನೇರವಾಗಿ ಕೇರಿಗೆ ಹೋದ. ಶೇವಂತಾ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಮೊಣಕಾಲಿನ ನಾರು ಹರಿದು ಒಳಗೆ ಕೀವಾಗಿತ್ತು. ಪುತಳಾಬಾಯಿ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ಮೊದಲು ಪಟ್ಟಿ ಬಿಚ್ಚಿ, ತೊಳೆದು, ಹೊಸದು ಕಟ್ಟಿದ. ಆಮೇಲೆ ಹೇಳಿದ.

"ನನ್ನ ಔಷಧದಾಗ ಏನೂ ಇದ್ದಿಲ್ಲ ತಂಗಿ. ನಿಮ್ಮನ್ನ ಕಾಯ್ತಿದ್ದದ್ದು ಅರಿವಿ. ಅದನ್ನ ಬಿಡಿಸ್ದಾಂವ ನಾನು."

ಶೇವಂತಾ ಹೊಸ ಪಟ್ಟಿಯ ಗಂಟನ್ನು ತಾನೇ ಬಿಗಿ ಮಾಡಿಕೊಂಡಳು.

"ನಾ ಕೇಳಿದ್ದೆ ನಿಮಗ. ಅರಿವಿ ಬ್ಯಾಡೇನ್ರಿ ಅಂತ ಕೇಳಿದ್ದೆ."

"ಹೌದು, ಕೇಳಿದ್ದಿ."

"ಹಂಗಂತ ಹಾಳ್ಯಾಗ ಬರದೀರೇನ್ರಿ?"

"ಇಲ್ಲ."

"ಬರೀರಿ ಮತ್ತ."

ಅವನು ಅಲ್ಲೇ ಕೂತು ಬರೆದ. ಬರೆದದ್ದನ್ನು ಓದಿ ಹೇಳಿರಿ ಎಂದಳು. ಓದಿದ. ಶೇವಂತಾ ತೋಟದಲ್ಲಿ ದುಡಿಯುವಾಕೆ, ಅರಿವೆ ಬೇಡವೇ ಎಂದು ಕೇಳಿದಳು, ಕಂಪೌಂಡರ್ ಬೇಡ ಎಂದ. ಅವಳು ತಲೆಯಾಡಿಸಿ ಮುಖವನ್ನು ಆ ಕಡೆ ತಿರುಗಿಸಿಕೊಂಡಳು.

ಕೇರಿಯಲ್ಲಿ ಕೆಲವರು ಬೈದರು. ದೇವಿಂದ್ರಪ್ಪ ಎಂಬವನ ಮನೆಯಲ್ಲಿ ಮೂವರು ಮಲಗಿದ್ದರು. ಅವನು ಖಮರುದ್ದೀನನ ಅಂಗಿ ಹಿಡಿದು ಹೊರಗೆ ದಬ್ಬಿದ. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ಪುತಳಾಬಾಯಿಗೆ ಮಾತ್ರ ಬೇರೆ ನೋವಾಗಿತ್ತು. ಅತ್ತೆ ಎಲೆ ಎಂದು ಹೇಳಿಕೊಟ್ಟಿದ್ದಳು, ಅರಿವೆ ಎಂದು ಹೇಳಿರಲಿಲ್ಲ ಎಂದು ಎಲ್ಲರ ಮುಂದೆ ಅನ್ನುತ್ತಿದ್ದಳು. ಎಂಟು ದಿನ ಅವಳು ಯಾರ ಮನೆಗೂ ಹೋಗಲಿಲ್ಲ.

ಡಾಕ್ಟರು ಗಿರಣಿಯ ಬಿಳಿ ಬಟ್ಟೆ ತರಿಸಿ ಅರವತ್ತು ಮನೆಗೂ ಹಂಚಿಸಿದರು. ಎಲೆ ಬೇಡ, ಬರೀ ಸೋಸಿ ಕುಡಿಯಿರಿ ಎಂದು ಡಂಗುರ ಹೊಡೆಸಿದರು. ಹದಿನೈದು ದಿನ ಬಿಟ್ಟು ಖಮರುದ್ದೀನ್ ಸುತ್ತಿ ಬಂದಾಗ ಎಂಟು ಮನೆಗಳಲ್ಲಿ ಮಾತ್ರ ಬಟ್ಟೆ ಕೊಡದ ಮೇಲಿತ್ತು. ಉಳಿದ ಕಡೆ ಕೂಸಿನ ಕುಲಾವಿಯಾಗಿತ್ತು, ರೊಟ್ಟಿ ಸುತ್ತಿಡುವ ಬಟ್ಟೆಯಾಗಿತ್ತು. ಅವನು ಪುತಳಾಬಾಯಿಯ ಹತ್ತಿರ ಹೋಗಿ ಕೂತ.

"ಬರೇ ಅರಿವಿ ಕೊಟ್ರ ಮಂದಿ ಮಾರಿ ಒರಸ್ಕೋತಾರ ಸಾಬ್," ಎಂದಳು ಅವಳು. "ನೀರು ಕಹಿ ಇದ್ರ ಔಷಧ ಅಂತಾರ. ಸಪ್ಪಗ ಹತ್ತಿದ್ರ ಅರಿವಿ ಕಟ್ಟಿಲ್ಲಂತ ನೆನಪಾಗ್ತದ."

ಇದನ್ನು ಕೇಳಿ ಮಾಣಿಕರಾವ್ ಒಪ್ಪಲಿಲ್ಲ. ಗುಣವಿಲ್ಲದ ಸೊಪ್ಪನ್ನು ಸರಕಾರಿ ದವಾಖಾನೆ ಔಷಧವೆಂದು ಹೇಗೆ ಕೊಡುವುದು ಎಂದರು. ಔಷಧವೆಂದು ಕೊಡುವುದಿಲ್ಲ, ಕಾಯುವುದು ಅರಿವೆ, ಸೊಪ್ಪು ನೆನಪಿಗೆ ಎಂದು ಪ್ರತಿ ಮನೆಯಲ್ಲೂ ಹೇಳಿಯೇ ಕೊಡುತ್ತೇನೆ ಎಂದ ಖಮರುದ್ದೀನ್. ಡಾಕ್ಟರು ಯೋಚಿಸಿ, ಹಾಗಾದರೆ ಆಗಲಿ ಎಂದರು. ೧೯೫೨ರ ಹೋಳಿಯಿಂದ ಪುತಳಾಬಾಯಿ ಮತ್ತು ಅವನು ಇಬ್ಬರೂ ಕೂಡಿ ಮನೆ ಮನೆಗೆ ಹೋದರು. ಅವನು ಅರಿವೆ ಕೊಟ್ಟು ಭೂತಗನ್ನಡಿಯಲ್ಲಿ ನೀರಹೇನು ತೋರಿಸುತ್ತಿದ್ದ, ಅವಳು ಸೊಪ್ಪು ಕೊಡುತ್ತಿದ್ದಳು. ದತ್ತಪ್ಪನ ಮನೆಯವರು ದವಾಖಾನೆಯ ಬಟ್ಟೆಯೆಂದು ತಕರಾರಿಲ್ಲದೆ ತೆಗೆದುಕೊಂಡರು. ಅವನು ಎಷ್ಟು ಹೇಳಿದರೂ ಮುದುಕಿಯರು ಗುಣವೆಲ್ಲ ಎಲೆಯದೇ ಎಂದು ನಂಬಿದ್ದರು. ೧೯೫೩ರ ಬೇಸಗೆಯಲ್ಲಿ ಅರವತ್ತು ಮನೆಗಳಲ್ಲಿ ನಾರು ಬಂದದ್ದು ಐದಕ್ಕೆ.

ವರದಿ ಹೈದರಾಬಾದಿಗೆ ಹೋಯಿತು. ಶೇವಂತಾ ಕೇಳಿದ ಮಾತು ಅದರಲ್ಲಿತ್ತು. ಉತ್ತರ ಬರಲಿಲ್ಲ. ಖಮರುದ್ದೀನ್ ಅಷ್ಟರೊಳಗೆ ಒಂದು ವರ್ಷದ ವಾಯಿದೆ ಪಡೆದು ಮತ್ತೆ ಪರೀಕ್ಷೆಗೆ ಕೂತು, ಎರಡನೆಯ ಸಲ ಪಾಸಾದ.

ಶೇವಂತಾಳ ಮೊಣಕಾಲು ಪೂರ್ತಿ ಮಡಚಲಿಲ್ಲ. ಗೊನೆ ಹೊರುವ ಕೆಲಸ ನಿಂತುಹೋಯಿತು. ಖಮರುದ್ದೀನ್ ಡಾಕ್ಟರನ್ನು ಎರಡು ಮೂರು ಸಲ ಕೇಳಿ ಅವಳಿಗೆ ದವಾಖಾನೆಯಲ್ಲಿ ನೀರು ಸೋಸಿ ಇಡುವ ಕೆಲಸ ಕೊಡಿಸಿದ. ಅವಳು ಒಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ, ಕೇಳಿದ್ದಕ್ಕೆ ರಾಮಣ್ಣನ ಕಡೆ ನೋಡಿ ಉತ್ತರ ಕೊಡುತ್ತಿದ್ದಳು. ಆಮೇಲೆ ಮಾತಾಡಿದಳು, ಅದೂ ಕೊಡ ಸೀಳಿದೆ, ಬೇರೆ ತರಿಸಿರಿ ಎಂದು. ಕೇರಿಯವಳು ತುಂಬಿದ ನೀರೆಂದು ಕೆಲವರು ದವಾಖಾನೆಯ ಕೊಡ ಮುಟ್ಟುತ್ತಿರಲಿಲ್ಲ. ಮನೆಯಿಂದ ತಂದುಕೊಳ್ಳಿರಿ, ಸೋಸಿಕೊಂಡು ತನ್ನಿರಿ ಎಂದು ಖಮರುದ್ದೀನ್ ಅವರಿಗೆ ಹೇಳುತ್ತಿದ್ದ. ಬಿಸಿಲಲ್ಲಿ ನಡೆದು ಬಂದವರು ಶೇವಂತಾಳನ್ನೇ ಕೇಳಿ ಹಾಕಿಸಿಕೊಂಡು ಕುಡಿಯುತ್ತಿದ್ದರು.